ಸಿಪ್ಪೆ ಉದುರಿದ ನೀಲಗಿರಿ

ಕೇಶವ, ಹೂಡಿಯ ತೋಪಿನಲ್ಲಿ ಮರಗಳಿಗೆ ತಪ್ಪು ಸಂಖ್ಯೆ ಬರೆದವನು ನಾನು. ಆಮೇಲೆ ನಿನಗೆ ಹೇಳಿದ್ದೂ ಸುಳ್ಳು.

ಎಂಬತ್ತರ ದಶಕದ ಆರಂಭ. ಇಬ್ಬರೂ ಒಂದೇ ಪ್ರಯೋಗಾಲಯದ ಸಂಶೋಧಕರು. ನಾನು ನೀಲಗಿರಿ ಮರಗಳ ಸುತ್ತಳತೆ ತೆಗೆದು, ತೋಪು ಮುಂದೆ ಎಷ್ಟು ಬೆಳೆಯುತ್ತದೆಂದು ಲೆಕ್ಕ ಕಟ್ಟುತ್ತಿದ್ದೆ. ನೀನು ಎಲೆಗಳು ಉಸಿರಾಡುವ, ನೀರು ಕಳೆದುಕೊಳ್ಳುವ ಬಗೆ ನೋಡುತ್ತಿದ್ದೆ. ಒಂದು ದಿನ ಟೀ ಅಂಗಡಿಯಲ್ಲಿ ನೀನೇ ಅಂದೆ: “ಮರ ಎಷ್ಟು ಬೆಳೀತು ಅಂತ ನಿನ್ ಟೇಪ್ ಹೇಳತ್ತೆ, ಯಾಕೆ ಬೆಳೀತು ಅಂತ ನನ್ ಎಲೆ ಹೇಳತ್ತೆ. ಎರಡಕ್ಕೂ ಮದ್ವೆ ಮಾಡಿಸ್ಬಿಡೋಣ ಕಣೋ!”

ನಾನೂ ನಕ್ಕೆ. ಆದರೆ ಅದು ನನಗೆ ಹೊಳೆಯಬೇಕಿತ್ತು—ತೋಪು ನನ್ನದಲ್ಲವೇ? ನಮ್ಮ ಗೈಡ್ ಮೇಷ್ಟ್ರು ಎಲ್ಲರೆದುರು ನನಗೆ, “ಕೇಶವ ಮರದೊಳಗೇ ಹೋಗಿದಾನೆ ಕಣಯ್ಯ, ನೀನಿನ್ನೂ ತೊಗಟೆ ಸುತ್ತಾನೇ ಇದೀಯ” ಅಂದಾಗ ನೀನು ನಕ್ಕೆ. ದೊಡ್ಡ ನಗುವೇನಲ್ಲ ಅದು—ಬಹುಶಃ ನಾನೇ ಬೆಳೆಸಿಕೊಂಡೆ.

ನಿನ್ನ ಎಲೆ, ನನ್ನ ಟೇಪು ಎರಡನ್ನೂ ಕೂಡಿಸುವ ಈ ಕೆಲಸ ಫಲಿಸಿದರೆ ಮಾತ್ರ ನಿನ್ನ ಸಂಶೋಧನೆ ಮುಂದುವರಿಯುತ್ತಿತ್ತು. ಅದು ನನಗೆ ಗೊತ್ತಿತ್ತು.

ನೀಲಗಿರಿ ಸಿಪ್ಪೆ ಕಳಚುತ್ತದೆ. ನಾವು ಬಳಿದಿದ್ದ ಸಂಖ್ಯೆಗಳೂ ಅದರೊಂದಿಗೆ ಉದುರಿದವು. ನೀನು ಎಲೆಗಳ ಅಳತೆ ಅಷ್ಟರಲ್ಲಿ ಮುಗಿಸಿದ್ದೆ. ಮರಗಳಿಗೆ ಹಳೆಯ ಸಂಖ್ಯೆಗಳನ್ನೇ ಮತ್ತೆ ಬಳಿದು ಸುತ್ತಳತೆ ತರಲು ನಾನೊಬ್ಬನೇ ಹೋದೆ. ಯಾವ ಮರಕ್ಕೆ ಯಾವ ಸಂಖ್ಯೆ ಎಂಬ ನಕ್ಷೆ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಇಲ್ಲ—ಮನೆಯಲ್ಲೇ ಮರೆತಿದ್ದೆನೇ? ಒಂದು ನೆನಪಿನಲ್ಲಿ, ಬಿಸಿಲಿಗೆ ಬೇಸತ್ತು ಅಂದಾಜಿನಲ್ಲಿ ಬರೆಯುತ್ತೇನೆ. ಇನ್ನೊಂದರಲ್ಲಿ, ಗೊತ್ತಿದ್ದೂ, ಒಂದು ಮರದ ಸಂಖ್ಯೆಯನ್ನು ಪಕ್ಕದ ಮರಕ್ಕೆ... ಎರಡರಲ್ಲೂ ಬ್ರಷ್ಷು ನನ್ನ ಕೈಯಲ್ಲೇ ಇದೆ.

ನಿನ್ನ ಎಲೆಗಳಿಗೂ ನನ್ನ ಅಳತೆಗಳಿಗೂ ತಾಳೆಯಾಗಲಿಲ್ಲ. “ನಂಬರ್ ಸರಿಯಾಗಿ ಬರ್ದಿದ್ದೆ ತಾನೇ, ಮಗಾ?” ಅಂತ ಕೇಳಿದೆ ನೀನು.

“ನಕ್ಷೆ ನೋಡ್ಕೊಂಡೇ ಬರ್ದೆ.”

ಈ ಒಂದು ಮಾತಿನ ಬಗ್ಗೆ ನನಗೆ ಸಂಶಯವಿಲ್ಲ. ಹೇಳುವಾಗ ಸುಳ್ಳೆಂದು ಗೊತ್ತಿತ್ತು, ಹೇಳಿದ ಮೇಲೆ—ಹಾಯೆನಿಸಿತು.

ನೀನು ಎಲ್ಲ ಬಿಟ್ಟು ಪೀಣ್ಯದ ಯಾವುದೋ ಕಾರ್ಖಾನೆ ಸೇರಿದೆ. ಹೊರಡುವ ದಿನ, “ಆ ಬಿಸ್ಲಲ್ಲಿ ಅಷ್ಟೊಂದು ಮರ ಅಳೆದ್ಯಲ್ಲ ನನಗೋಸ್ಕರ, ಥ್ಯಾಂಕ್ಸ್ ಕಣೋ” ಅಂದೆ. ನಾನು ಕೈ ಕುಲುಕಿದೆ.

ತೋಪು ಕಡಿದಾಗಿದೆ, ಮತ್ತೆ ಅಳೆಯಲು ಒಂದು ಮರವೂ ಉಳಿದಿಲ್ಲ. ಹಾಗಾಗಿ ನಿನ್ನ ಊಹೆ ಸರಿಯಿತ್ತು ಎಂದೂ ಹೇಳಲಾರೆ—ಅಷ್ಟನ್ನೂ ನಿನ್ನಿಂದ ಕಿತ್ತುಕೊಂಡೆ. ಹೇಳಬಹುದಾದದ್ದು ಇಷ್ಟೇ: ಅದು ಸೋತಿರಲಿಲ್ಲ, ಕೇಶವ. ನಾನು ಅದನ್ನು ಪರೀಕ್ಷೆಗೇ ಕೂರಿಸಿರಲಿಲ್ಲ.