ಖೈರಮ್ಮ ಕೊಟ್ಟ ಹಾಲು

ತರೀಕೆರೆಯಲ್ಲಿ ನಮ್ಮ ಹಿತ್ತಲಿನ ಬೇಲಿಯಾಚೆಗೆ ಖೈರುನ್ನಿಸಾಳ ಮಂಡಕ್ಕಿ ಭಟ್ಟಿ ಇತ್ತು. ಬೀದಿಯವರಿಗೆಲ್ಲ ಅವಳು ಖೈರಮ್ಮ. ಗಂಡ ತೀರಿಕೊಂಡ ಮೇಲೆ ಕಾದ ಮರಳಿನಲ್ಲಿ ಅಕ್ಕಿ ಹುರಿದು, ಮಂಡಕ್ಕಿ ಮಾರಿ, ಒಬ್ಬಳೇ ಮಗಳು ಶಮೀಮಳನ್ನು ಸಾಕಿದವಳು. ಅವಳ ಗುಣವೆಲ್ಲ ನನಗೆ ಇಷ್ಟ, ಒಂದನ್ನು ಬಿಟ್ಟು. ಏನಾದರೂ ಸರಿ, ‘ಶುಕುರು’ ಎನ್ನುತ್ತಿದ್ದಳು. ಅಲ್ಲಾನಿಗೆ ಕೃತಜ್ಞತೆ ಹೇಳುವ ಮಾತು ಅದು. ಮಂಡಕ್ಕಿ ಚೆನ್ನಾಗಿ ಅರಳಿದರೆ ಶುಕುರು, ಮಳೆಗೆ ಸೌದೆ ನೆನೆದರೂ ಶುಕುರು.

“ಸೌದೆ ನೆಂದಿದ್ದಕ್ಕೆ ಯಾತರ ಶುಕುರೇ?” ಎಂದು ನಾನು ರೇಗುತ್ತಿದ್ದೆ.

“ಸೂರು ಗಟ್ಟಿಯಾಗೈತಲ್ಲ, ವಿಮಲಕ್ಕ” ಎನ್ನುವಳು.

ನನಗೋ ಮೂಗಿನ ತುದಿಯಲ್ಲೇ ಕೋಪ. “ಅವಳ ಹತ್ರ ಒಂದು ಸೇರು ತಾಳ್ಮೆ ಇಸ್ಕೊಂಡು ಬಾರೇ” ಎಂದು ನಮ್ಮ ಯಜಮಾನರು ಛೇಡಿಸುತ್ತಿದ್ದರು.

ಅವಳಿಗಿದ್ದ ಕೊರಗು ಒಂದೇ, ಶಮೀಮಳ ಮದುವೆ. ಹುಡುಗಿ ಲಕ್ಷಣವಾಗಿದ್ದಳು, ಕೆಲಸದಲ್ಲಿ ಚುರುಕು. ಬಂದವರೆಲ್ಲ ಚಹಾ ಕುಡಿದು ಮೆಚ್ಚಿಕೊಂಡೇ ಹೋಗುತ್ತಿದ್ದರು. ಆಮೇಲೆ, “ತಂದೆ ಇಲ್ಲ, ಅಣ್ಣತಮ್ಮಂದಿರಿಲ್ಲ, ನಾಳೆ ಏನಾದ್ರೂ ಆದ್ರೆ ಯಾರನ್ನ ಕೇಳೋದು?” ಎಂದು ಹೇಳಿ ಕಳಿಸುತ್ತಿದ್ದರು. ಹೀಗೇ ವರ್ಷಗಳು ಕಳೆದವು. ಎಪ್ಪತ್ತೊಂಬತ್ತರಲ್ಲಿ ಅಜ್ಜಂಪುರದ ದಸ್ತಗೀರನ ಮನೆಯವರು ಒಪ್ಪಿದರು. ಕಡೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಹುಡುಗ, ದುಶ್ಚಟಗಳಿಲ್ಲ. ತಾಯಿಯಿಲ್ಲದ ಅವನನ್ನು ಸಾಕಿದ್ದು ಅಜ್ಜಿ. ಶಮೀಮ ಕೆಲಸ ಮಾಡುತ್ತಲೇ ಹಾಡಿಕೊಳ್ಳುವುದನ್ನು ನಾನು ಬೇಲಿಯಾಚೆಯಿಂದ ಮೊದಲ ಸಲ ಕೇಳಿದೆ.

ನಿಶ್ಚಯದ ದಿನ ಆ ಅಜ್ಜಿ ನನ್ನ ಪಕ್ಕದಲ್ಲೇ ಕೂತಿತ್ತು. ಮೊಮ್ಮಗನ ಗುಣಗಾನ ಮಾಡುತ್ತಾ ಮಾಡುತ್ತಾ ಅವನು ಹುಟ್ಟಿದ ಕಥೆಗೆ ಬಂತು.

“ಶಿವಮೊಗ್ಗದ ಆಸ್ಪತ್ರೇಲಿ ಇವ್ನ ತಾಯಿ ಜ್ವರದಾಗೆ ಹೋಗ್ಬಿಟ್ಳು ಕಣವ್ವ. ಹಸುಗೂಸು, ಯಾರ ಹಾಲೂ ಇಲ್ಲ. ಪಕ್ಕದ ಮಂಚದಾಗೆ ಒಬ್ಳು ಬಾಣಂತಿ ಇದ್ಳು. ಅವಳ ಕೂಸು ಹುಟ್ಟಿದ ಮಾರನೇ ದಿನಾನೇ ತೀರ್ಕೊಂಡಿತ್ತು. ಆ ಪುಣ್ಯಾತ್ಗಿತ್ತಿ ಇವನ್ನ ಎತ್ಕೊಂಡು ಹಾಲು ಕೊಟ್ಳು. ಅವಳಿಂದ ಬದುಕ್ದ. ಹೊಳೆ ತುಂಬಿ ಬಸ್ಸೆಲ್ಲ ನಿಂತೋಗಿತ್ತು ನೋಡು, ಆ ಮಳೆಗಾಲದಾಗೆ. ಯಾವೂರೋ, ಏನ್ ಹೆಸ್ರೋ!”

ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದ ಖೈರಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಕೆಲಸದ ಸುಸ್ತಿರಬೇಕು ಎಂದುಕೊಂಡು ನಾನೇ ಎಲ್ಲರಿಗೂ ಶರಬತ್ತು ಹಂಚಿದೆ.

ಮಾರನೇ ದಿನ ಬೇಲಿಯ ಹತ್ತಿರ ಬಂದಳು. ಕಣ್ಣು ಊದಿಕೊಂಡಿದ್ದವು.

“ಅಕ್ಕ, ಆ ಬಾಣಂತಿ ನಾನೇ. ಶಮೀಮಂಗಿಂತ ಮುಂಚೆ ನಂಗೊಂದು ಗಂಡು ಕೂಸು ಆಗಿತ್ತು. ಹೆಸ್ರು ಕೇಳಿದ್ರೆ ಬಿಟ್ಟು ಬರಕ್ಕೆ ಮನಸ್ಸಾಗಲ್ಲ ಅಂತ ಆ ಮಗೀನ ಹೆಸ್ರು ಕೇಳ್ಲಿಲ್ಲ.”

“ಒಳ್ಳೇದೇ ಆಯ್ತಲ್ಲೇ! ನೀನು ಹಾಲು ಕೊಟ್ಟ ಹುಡುಗನೇ ಅಳಿಯ ಆಗ್ತಾನೆ.”

“ಇಲ್ಲಕ್ಕ. ನಮ್ಮಲ್ಲಿ ಎದೆಹಾಲು ಕುಡಿದೋನು ಹೆತ್ತ ಮಗನ ಥರಾನೇ. ಶಮೀಮ ಅವ್ನಿಗೆ ತಂಗಿ ಆಗ್ತಾಳೆ. ನಿಕಾ ಆಗಂಗಿಲ್ಲ.”

“ಅವಳು ಆಗ ಹುಟ್ಟೇ ಇರ್ಲಿಲ್ವಲ್ಲೇ!”

“ಹುಟ್ಟದಿದ್ರೂ ಅಷ್ಟೆ. ಯಾರ ಹೆಸ್ರೂ ಹೇಳ್ದೆ ಮಸೀದಿ ಹಜರತ್ರನ್ನ ಕೇಳಿಸ್ದೆ, ಅವ್ರೂ ಆಗಲ್ಲ ಅಂದ್ರು.”

ನನಗೆ ಮೈಯೆಲ್ಲ ಉರಿಯಿತು. “ಅಜ್ಜಿಗೆ ಗೊತ್ತಿಲ್ಲ, ಹುಡುಗನಿಗೆ ಗೊತ್ತಿಲ್ಲ. ನಾನಂತೂ ಪಿಟಕ್ಕೆನ್ನಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿ, ಸುಮ್ನಿರು” ಎಂದೆ.

“ಅಲ್ಲಾಗೆ ಗೊತ್ತೈತಲ್ಲಕ್ಕ” ಎಂದಳು. ಅಂದು ಅವಳ ಬಾಯಲ್ಲಿ ಶುಕುರು ಬರಲಿಲ್ಲ.

ಮೊದಲು ಮಗಳಿಗೇ ಹೇಳಿದಳು. ಶಮೀಮ ಮಂಡಕ್ಕಿ ಜರಡಿಯನ್ನು ಅಂಗಳಕ್ಕೆ ಎಸೆದಳು. “ನೀನು ಮಾಡಿದ ದಾನಕ್ಕೆ ನಾನು ಬೆಲೆ ಕೊಡ್ಬೇಕಾ?” ಎಂದು ಕೂಗಿದ್ದು ನಮ್ಮ ಅಡುಗೆಮನೆಯವರೆಗೂ ಕೇಳಿಸಿತು. ಖೈರಮ್ಮ ಒಬ್ಬಳೇ ರೈಲು ಹತ್ತಿ ಅಜ್ಜಂಪುರಕ್ಕೆ ಹೋಗಿ ಹೇಳಿಬಂದಳು. ಅಜ್ಜಿ ಅವಳ ಎರಡೂ ಕೈ ಹಿಡಿದು ಅತ್ತಿತಂತೆ. ದಸ್ತಗೀರ್ ಮಾತ್ರ ಎದ್ದು ಹೊರಗೆ ಹೋದನಂತೆ. ಮದುವೆ ಮುರಿಯಿತು. ಕಾರಣ ತಿಳಿದ ಮೇಲೂ ಊರ ಜನ “ಹುಡುಗೀಲೇ ಏನೋ ಐಬಿದೆ” ಎಂದು ಆಡಿಕೊಂಡರು. ಹಾಗೆಂದ ಒಬ್ಬಳಿಗೆ ನಲ್ಲಿಯ ಹತ್ತಿರ ನಾನು ಚೆನ್ನಾಗಿ ಚಳಿ ಬಿಡಿಸಿದೆ. ಖೈರಮ್ಮ ಯಾರಿಗೂ ಏನೂ ಅನ್ನಲಿಲ್ಲ.

ಅವಳಿಗೆ ನೋವಾಗಲಿಲ್ಲ ಎಂದಲ್ಲ. ಮಗಳು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು. ಒಂದು ದಿನ ಖೈರಮ್ಮ ಭಟ್ಟಿಯ ಮುಂದೆ ಕೂತು ಬಿಕ್ಕುತ್ತಿದ್ದಾಗ ನಾನು ಹೋದೆ. “ಎಲ್ಲೇ ಹೋಯ್ತು ನಿನ್ನ ಸಬರು?” ಎಂದು ಕೇಳಿಯೂಬಿಟ್ಟೆ. ತಾಳ್ಮೆಗೆ ಅವರು ಹೇಳುವ ಹೆಸರು ಅದು.

“ಸಬರ್ ಅಂದ್ರೆ ಅಳಬಾರ್ದು ಅಂತಲ್ಲಕ್ಕ. ಅಳ್ತಾ ಇದ್ರೂ ಅಲ್ಲಾನ ಮೇಲೆ ದೂರು ಹೇಳ್ಬಾರ್ದು, ಅಷ್ಟೆ” ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಮರಳು ಕೆದಕಿದಳು.

ಮುಂದಿನ ರಂಜಾನ್ ಹಬ್ಬಕ್ಕೆ ದಸ್ತಗೀರ್ ಬಂದ. ಹೊಸ ಅಂಗಿ ತೊಟ್ಟು ಹೊಸ್ತಿಲಾಚೆ ನಿಂತು, “ಅಮ್ಮಾ, ಹಬ್ಬದ ದಿನ ಮಗ ಮನೆಗೆ ಬರ್ಬಾರ್ದಾ?” ಎಂದ. ಹುಟ್ಟಿದಾಗಿನಿಂದ ಯಾರನ್ನೂ ಅಮ್ಮ ಎಂದು ಕರೆದವನಲ್ಲ. ಖೈರಮ್ಮ ಅವನ ತಲೆ ನೇವರಿಸಿದ್ದನ್ನು ಬೇಲಿಯ ಈಚೆಯಿಂದ ನೋಡಿ ನಾನು ಗೊಳೋ ಎಂದು ಅತ್ತುಬಿಟ್ಟೆ. ಶಮೀಮ ಮಾತ್ರ ಒಳಗಿನಿಂದ ಬರಲೇ ಇಲ್ಲ.

ಅವನು ಬೇಸರಪಟ್ಟುಕೊಳ್ಳಲಿಲ್ಲ. ಬಿಡುವಾದಾಗಲೆಲ್ಲ ಬಂದು ಸೌದೆ ಒಡೆದು, ಹೆಂಚು ಸರಿಮಾಡಿ ಹೋಗುತ್ತಿದ್ದ. ಶಮೀಮ ಅವನ ಮುಂದೆ ಚಹಾ ಇಟ್ಟು ಒಳಗೆ ಹೋಗುವಷ್ಟಕ್ಕೆ ಬಂದಳು. ಅವಳಿಗೆ ಗಂಡು ಹುಡುಕುತ್ತಾ ಅಲೆದವನೂ ಅವನೇ. ಹಿರೇನಲ್ಲೂರಿನಲ್ಲಿ ಸೈಕಲ್ ಷಾಪ್ ಇಟ್ಟಿದ್ದ ಹುಡುಗನ ಮನೆಯವರು, “ಹೆಣ್ಣಿನ ಕಡೆ ಗಂಡು ದಿಕ್ಕು ಯಾರು?” ಎಂದಾಗ, “ನಾನು ಅಣ್ಣ ಇದೀನಿ, ಏನಿದ್ರೂ ನನ್ನ ಕೇಳಿ” ಎಂದನಂತೆ. ಎಂಬತ್ತೆರಡರಲ್ಲಿ ಆ ಮದುವೆ ನಡೆಯಿತು.

ನಿಕಾಕ್ಕೆ ಮೊದಲು ವಕೀಲ, ಎಂದರೆ ಹೆಣ್ಣಿನ ಪರವಾಗಿ ನಿಲ್ಲುವ ಹತ್ತಿರದ ಗಂಡಸು, ಸಾಕ್ಷಿಗಳೊಂದಿಗೆ ಬಂದು ಹೆಣ್ಣಿನ ಒಪ್ಪಿಗೆ ಕೇಳಬೇಕು. ನಾನು ಹೆಂಗಸರ ಕೋಣೆಯಲ್ಲಿ ಶಮೀಮಳ ಪಕ್ಕದಲ್ಲೇ ಇದ್ದೆ. ಸಾಕ್ಷಿಗಳು ಪರದೆಯಾಚೆ ನಿಂತರು. ವಕೀಲನಾಗಿ ಒಳಗೆ ಬಂದವನು ದಸ್ತಗೀರ್. ಮದುಮಗಳ ಮುಖಕ್ಕೆ ಸೆರಗು ಎಳೆಯಲು ಯಾರೋ ಕೈ ಹಾಕಿದರು. ಶಮೀಮ ಆ ಕೈಯನ್ನು ಮೆಲ್ಲಗೆ ಸರಿಸಿದಳು. ಒಡಹುಟ್ಟಿದವನ ಎದುರಿಗೆ ಮುಖ ಮುಚ್ಚಬೇಕಿಲ್ಲ.

ಅವನು ಹುಡುಗನ ಹೆಸರು, ಹುಡುಗ ಹೆಣ್ಣಿಗೆ ಕೊಡುವ ಮೆಹರ್ ಹಣ ಎಲ್ಲ ಹೇಳಿ, “ಒಪ್ಪಿಗೆನಾ, ತಂಗಿ?” ಎಂದ. ಒಮ್ಮೆ ಕೇಳಿದ, ಮತ್ತೊಮ್ಮೆ ಕೇಳಿದ. ಮೂರನೇ ಸಲ ಶಮೀಮ ತಲೆಯೆತ್ತಿ ಅವನನ್ನು ನೋಡಿದಳು.

“ಒಪ್ಪಿಗೆ, ಅಣ್ಣಾ.”

ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದ.

ಇಂಥವಳ ನೆರೆಯಲ್ಲಿ ಬಾಳಿದ್ದು ನನ್ನ ಪುಣ್ಯ ಎಂದು ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಹೊರಗೆ ನಿಕಾ ಮುಗಿದು ಖರ್ಜೂರ ಹಂಚತೊಡಗಿದಾಗ ಖೈರಮ್ಮ ನನ್ನ ಕೈ ಹಿಡಿದುಕೊಂಡಳು.

“ಅಕ್ಕ, ನನ್ನ ಕೂಸನ್ನ ಮಣ್ಣು ಮಾಡಿದ ದಿನ ಎದೆ ತುಂಬಿ ಹಾಲು ಸೋರ್ತಿತ್ತು. ಕೂಸು ಕಿತ್ಕೊಂಡ್ಮೇಲೆ ಹಾಲು ಯಾಕೆ ಬಿಟ್ಟೆ ಅಂತ ಅಲ್ಲಾನ ಹತ್ರ ಜಗಳಾಡಿದ್ದೆ. ನನ್ನ ಜೀವಮಾನದಲ್ಲಿ ದೂರು ಹೇಳಿದ್ದು ಅದೊಂದೇ ಸಲ. ಯಾಕೆ ಬಿಟ್ಟಿದ್ದ ಅಂತ ಇವತ್ತು ಗೊತ್ತಾಯ್ತು, ನೋಡು.”

ದಸ್ತಗೀರ್ ಖರ್ಜೂರದ ತಟ್ಟೆ ಹಿಡಿದು ಬಂದ, ಮೊದಲು ತಾಯಿಗೆ ಕೊಟ್ಟ, ಆಮೇಲೆ ನನಗೆ.