ಅಕ್ಕ ಕೇಳಿದ ಮೂಕಿ ಚಿತ್ರ

ಕತಾರಿನ ಈ ದುಖಾನಿನಲ್ಲಿ ಶುಕ್ರವಾರವೆಂದರೆ ಬಟ್ಟೆ ಒಗೆದು, ಉಂಡು, ಮಲಗುವ ದಿನ. ದೋಹಾಕ್ಕೆ ಹೋಗಿಬರುವಷ್ಟರಲ್ಲಿ ರಜೆಯೇ ಮುಗಿದಿರುತ್ತದೆ. ಹಾಗಾಗಿ ಕಾಲೊನಿಯ ಕ್ಲಬ್ಬಿನಲ್ಲಿ ಅಮೆರಿಕದ ಹಳೆಯ ಮೂಕಿ ಚಿತ್ರ ತೋರಿಸುತ್ತಾರೆ ಎಂದಾಗ, ಎಸಿ ಇದೆ, ಚಹಾನೂ ಕೊಡುತ್ತಾರೆ ಅಂತ ಹೋದೆ. ಕಲೆಯ ಮೇಲಿನ ಪ್ರೀತಿಯೇನೂ ಅಲ್ಲ. ಪಕ್ಕದಲ್ಲಿ ನಮ್ಮ ಕಂಪನಿಯ ಸ್ಟೋರಿನಲ್ಲಿ ಕೆಲಸ ಮಾಡುವ ಮಂಗಳೂರಿನವರೊಬ್ಬರು ಕೂತಿದ್ದರು.

ಕಪ್ಪು ಬಿಳುಪು. ತುಟಿಗಳಷ್ಟೇ ಅಲ್ಲಾಡುತ್ತವೆ, ಆಮೇಲೆ ತೆರೆಯ ತುಂಬ ಇಂಗ್ಲಿಷ್ ಅಕ್ಷರ ಬರುತ್ತವೆ. ನಾನೋ, ಮಹಾ ಜಾಣ, ಕನ್ನಡಕವನ್ನು ಕಾರಿನಲ್ಲೇ ಬಿಟ್ಟು ಬಂದಿದ್ದೆ. ಆ ಬಿಸಿಲಿಗೆ ಮತ್ತೆ ಹೊರಗೆ ಯಾರು ಹೋಗಬೇಕು? ಚಿತ್ರದಲ್ಲಿ ಮಗಳೊಬ್ಬಳು ದುಡಿಯಲಿಕ್ಕೆ ಮನೆ ಬಿಟ್ಟು ಹೊರಟಿದ್ದಳು. ರೈಲು ನಿಲ್ದಾಣದಲ್ಲಿ ತಾಯಿ ಅವಳ ಕೋಟಿನ ಗುಂಡಿ ಹಾಕುತ್ತ ಏನೋ ಹೇಳಿದಳು, ಹೇಳುತ್ತಲೇ ಇದ್ದಳು. ಅಕ್ಷರ ಬಂದವು, ಹೋದವು. ನನಗೆ ಎಲ್ಲ ಮಸುಕು. ಏನಂದಳು ಅಂತ ಪಕ್ಕದವರನ್ನು ಕೇಳಿದೆ. ಅವರು ತೆರೆಯಿಂದ ಕಣ್ಣು ತೆಗೆಯದೆ ಹೇಳಿದರು:

“ಎಂತ ಇಲ್ಲ ಮಾರಾಯ್ರೆ, ಆಮೇಲೆ ಹೇಳ್ತೇನೆ.”

ಆ ಮಾತು ನನ್ನದೇ. ಕರಾವಳಿಯ ಬಾಯಲ್ಲಿ ಬಂದಿತ್ತು, ಅಷ್ಟೆ.

ನನ್ನ ಅಕ್ಕನಿಗೆ ಐದನೆಯ ತರಗತಿಯಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಮಾತು ಉಳಿಯಿತು. ಎದುರಿನವರ ತುಟಿ ನೋಡಿ ತಿಳಿದುಕೊಳ್ಳುವುದನ್ನು ತಾನೇ ಕಲಿತಳು. ಗದಗಿನ ಥಿಯೇಟರಿಗೆ ಅವಳ ಜೊತೆ ಹೋಗುವವನು ನಾನು. ಅವಳ ಒಂದು ಕಣ್ಣು ತೆರೆಯ ಮೇಲೆ, ಇನ್ನೊಂದು ನನ್ನ ತುಟಿಯ ಮೇಲೆ. ಯಾರು ಏನಂದರು ಎಂದು ನಾನು ಹೇಳುತ್ತಿರಬೇಕು. ಅರ್ಧ ಗಂಟೆ ನಿಯತ್ತಿನಿಂದ ಹೇಳುತ್ತಿದ್ದೆ. ಫೈಟಿಂಗ್ ಶುರುವಾದರೆ ಅಕ್ಕ ಗಿಕ್ಕ ಯಾರೂ ನೆನಪಿರುತ್ತಿರಲಿಲ್ಲ. ತೊಡೆ ಚಿವುಟಿ ಕೇಳಿದರೆ, ‘ಏನಿಲ್ಲ ಬಿಡ, ಆಮ್ಯಾಲ ಹೇಳ್ತೀನಿ.’ ಒಮ್ಮೆ ಕೊನೆಯ ದೃಶ್ಯಕ್ಕೆ ಇಡೀ ಥಿಯೇಟರ್ ಅತ್ತಿತು. ನಾನೂ ಅತ್ತೆ. ಯಾಕೆಂದು ಅಕ್ಕ ಮೂರು ಸಲ ಕೇಳಿದಳು. ಅದೇ ಉತ್ತರ ಕೊಟ್ಟು, ಮನೆಗೆ ಬಂದವನೇ ಗೋಲಿ ಆಡಲು ಓಡಿದೆ. ಆಮೇಲೆ ಅವಳು ನನ್ನ ಜೊತೆ ಸಿನಿಮಾಕ್ಕೆ ಬರಲಿಲ್ಲ. ಕರೆದಾಗಲೆಲ್ಲ ‘ಹೊಲಿಗಿ ಐತಿ’ ಅನ್ನುತ್ತಿದ್ದಳು. ಇವತ್ತಿಗೂ ಗದಗಿನಲ್ಲೇ ಬ್ಲೌಸ್ ಹೊಲಿಯುತ್ತಾಳೆ.

ಕ್ಲಬ್ಬಿನಲ್ಲಿ ಮಿಕ್ಕ ಸಿನಿಮಾ ನಾನು ನೋಡಿದ್ದು ಅಷ್ಟಕ್ಕಷ್ಟೆ. ಪಕ್ಕದಲ್ಲಿ ಅಕ್ಕ ಇರಬೇಕಿತ್ತು. ಒಂದೇ ಒಂದು ಸಿನಿಮಾನಾದರೂ ಅವಳ ಜೊತೆ ಪೂರ್ತಿ ನೋಡಬೇಕು ಅನ್ನಿಸಿತು.

ಮುಂದಿನ ಶುಕ್ರವಾರ ವಿಡಿಯೋ ಕಾಲ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಅದೇ ಚಿತ್ರ. ಅದರ ಎದುರು ಖರ್ಜೂರದ ಡಬ್ಬಿಗೆ ಫೋನು ಆನಿಸಿ, ಅರ್ಧ ಸಿನಿಮಾ, ಅರ್ಧ ನನ್ನ ಮುಖ ಕಾಣುವ ಹಾಗೆ ಇಟ್ಟಿದ್ದೆ. ಇಂಗ್ಲಿಷನ್ನು ಕನ್ನಡ ಮಾಡಿ ತುಟಿಯಲ್ಲಿ ಹೇಳುವುದು ನನ್ನ ಲೆಕ್ಕಾಚಾರ. ಈ ಸಲ ಕನ್ನಡಕವೂ ಮೂಗಿನ ಮೇಲಿತ್ತು. ಅಕ್ಕ ಮೊದಲು ಹೊಲಿಗೆಯ ನೆಪ ಹೇಳಿದಳು. ನಾನು ಗೋಗರೆದೆ. ಆಯ್ತು ಹಚ್ಚು ಅಂದಳು.

ಮೊದಲ ಅಕ್ಷರ ಬಂದಾಗ ತುಟಿ ಆಡಿಸಿದ್ದೇ ತಡ, ಅಕ್ಕ ಕೈ ಬೀಸಿದಳು.

“ನೀ ಸುಮ್ಮನಿರು. ಮಾರಿ ಸರಸು, ಅಡ್ಡ ಬರತೈತಿ.”

ಸರಿಸಿದೆ. ಆಮೇಲೆ, ತೆರೆಯ ಮೇಲಿನ ಮುಖಗಳನ್ನು ನೋಡಿಯೇ, ಹೇಳುವವಳು ಅವಳೇ ಆದಳು. ಆ ಮನೆ ಮಾಲೀಕ ಸುಳ್ಳ ಅಂದಳು, ಆ ಹುಡುಗಿಯ ಗೆಳತಿಗೆ ಹೊಟ್ಟೆಕಿಚ್ಚು ಅಂದಳು. ಅಕ್ಷರ ಓದಿದರೆ ಅದೇ ನಿಜ. ಇಂಗ್ಲಿಷ್ ಬಲ್ಲ ನಾನು ಅವಳ ಹಿಂದೆ ಹಿಂದೆ ಓಡುತ್ತಿದ್ದೆ. ಅಷ್ಟು ಹಿಗ್ಗು ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ನಿಲ್ದಾಣದ ದೃಶ್ಯ ಬಂತು. ತಾಯಿ ಗುಂಡಿ ಹಾಕುತ್ತ ಹೇಳುತ್ತಲೇ ಇದ್ದಳು. ಅಕ್ಷರದಲ್ಲಿ ಬಂದದ್ದು ಮಾತ್ರ, ಹೋಗಿ ಬಾ, ಕಾಗದ ಬರೆ, ಇಷ್ಟೇ. ಅಷ್ಟೊಂದು ಮಾತಿಗೆ ಇಷ್ಟೇನಾ? ಫೋನಿನಲ್ಲಿ ಅಕ್ಕ ಸೂಜಿ ಕೆಳಗಿಟ್ಟಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಮುಖವನ್ನು ಫೋನಿನ ಮುಂದೆ ತಂದು ನಿಧಾನವಾಗಿ ಕೇಳಿದೆ:

“ಆಕಿ ಏನಂದ್ಳಕ್ಕಾ?”

ಅಕ್ಕ ನನ್ನ ತುಟಿ ನೋಡಿದಳು. ಮೂಗು ಒರೆಸಿಕೊಂಡು ನಕ್ಕಳು.

“ಏನಿಲ್ಲ ಬಿಡೋ ತಮ್ಮಾ. ನೀ ಮನಿಗೆ ಬಾ, ಹೇಳ್ತೀನಿ.”

ನನ್ನ ರಜೆಗೆ ಇನ್ನೂ ಏಳು ತಿಂಗಳಿದೆ.