ಬೋರ್ಡಿನ ಮೇಲಿನ ನಾಲ್ಕನೇ ಹೆಸರು

ನಮ್ಮ ಬೀದಿಯ ಟೈಲರ್‌ಗೆ ಟೇಪು ಅಂತ ಹೆಸರು ಬಿದ್ದದ್ದು ಅವನ ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುವುದರಿಂದ. ಊಟಕ್ಕೆ ಕೂತರೂ ತೆಗೆಯುವ ಆಸಾಮಿಯಲ್ಲ. ನಾನು ಗುಂಡಿ, ದಾರ, ಜಿಪ್ಪು, ಲೈನಿಂಗ್ ಬಟ್ಟೆ ಮಾರುವವನು. ಅವನ ಅಂಗಡಿ ನನ್ನ ಅಂಗಡಿಯ ಎದುರಿಗೇ ಇರುವುದರಿಂದ ಅವನ ಎದ್ದಾಟ ಕೂತಾಟ ಅವನ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತು. ಆ ತಿಂಗಳು ಅವನು ಕೂತದ್ದೇ ಕಡಿಮೆ. ಒಂದು ತೋಳು ಹೊಲಿಯುವುದು, ಎದ್ದು ಬಾಗಿಲಿಗೆ ಬರುವುದು, ಕತ್ತೆತ್ತಿ ನಮ್ಮ ಮಹಡಿ ನೋಡುವುದು, ಒಳಗೆ ಹೋಗಿ ಅದೇ ತೋಳು ಬಿಚ್ಚುವುದು.

ನನ್ನ ಅಂಗಡಿಯ ಮೇಲಿನ ಆ ಮಹಡಿಯಲ್ಲಿ ಇರುವುದು ಇಸ್ಪೀಟು ಕ್ಲಬ್ಬು. ಆಟ ರಮ್ಮಿ, ಎದುರುಬದುರು ಇಬ್ಬರೇ. ಕಾಸು ಇಟ್ಟು ಆಡುವ ಹಾಗಿಲ್ಲ. ಕಾಸಿಲ್ಲದ ಕಡೆ ಮನುಷ್ಯ ಇನ್ಯಾವುದಕ್ಕಾದರೂ ಪ್ರಾಣ ಬಿಡಬೇಕಲ್ಲ, ಅದಕ್ಕೆ ನಾವು ಅಂಕ ಇಟ್ಟುಕೊಂಡಿದ್ದೇವೆ. ಒಬ್ಬೊಬ್ಬರಿಗೂ ಕರಿ ಬೋರ್ಡಿನ ಮೇಲೆ ಒಂದು ಅಂಕ. ಪ್ರತಿ ಆಟ ಮುಗಿದ ಮೇಲೆ ಗೆದ್ದವರು ಯಾರು, ಸೋತವರು ಯಾರು ಅಂತ ಫೋನಿಗೆ ತಿಳಿಸಿದರೆ ಅದು ಇಬ್ಬರಿಗೂ ಹೊಸ ಅಂಕ ಹೇಳುತ್ತದೆ. ಸೀಮೆಸುಣ್ಣ ಹಿಡಿದು ಬರೆಯುವ ಕೆಲಸ ನನ್ನದು.

ಹೊಸಬರು ಇದನ್ನು ಪರೀಕ್ಷೆಯ ಮಾರ್ಕು ಅಂದುಕೊಳ್ಳುತ್ತಾರೆ. ಅಲ್ಲ. ಇದು ಬರೀ ಅಂದಾಜು. ಇವರಿಬ್ಬರು ಕೂತರೆ ಗೆಲ್ಲುವುದು ಯಾರು ಅನ್ನುವ ಊಹೆ. ಊಹಿಸಿದ ಹಾಗೇ ಆದರೆ ಅಂಕ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಅಲ್ಲಾಡುತ್ತದೆ, ಉಲ್ಟಾ ಹೊಡೆದರೆ ದಡಕ್ಕನೆ ಜಾರುತ್ತದೆ. ದೊಡ್ಡ ಅಂಕದವನು ಚಿಕ್ಕ ಅಂಕದವನನ್ನು ಹೊಡೆದರೆ ಸಿಗುವುದು ಒಂದೋ ಎರಡೋ. ಅವನ ಕೈಯಲ್ಲೇ ಹೊಡೆಸಿಕೊಂಡರೆ ಮೂವತ್ತು ಖೋತಾ. ಇನ್ನು ಹೊಸದಾಗಿ ಸೇರಿದವರ ಅಂಕ ಊಹೆ ಕೂಡ ಅಲ್ಲ, ಬಿಚ್ಚದ ಗಂಟು. ನಾನಾದರೆ ಗಂಟು ಬಿಚ್ಚದೆ ಮಾಲಿಗೆ ಬೆಲೆ ಕಟ್ಟುವುದಿಲ್ಲ. ಕ್ಲಬ್ಬು ಕಟ್ಟುತ್ತದೆ: ಯಾರೇ ಬರಲಿ, ಸಾವಿರದ ಇನ್ನೂರು.

ಆ ತಿಂಗಳ ಕೊನೆಯ ಭಾನುವಾರ ಬಾಗಿಲು ಹಾಕುವ ಹೊತ್ತಿಗೆ ಬೋರ್ಡಿನಲ್ಲಿ ಮೇಲಿರುವ ನಾಲ್ವರು ಹೊರಗಿನ ಪಂದ್ಯಕ್ಕೆ ಹೋಗಬೇಕು ಅಂತ ತೀರ್ಮಾನವಾಗಿತ್ತು. ಟೇಪು ವರ್ಷಗಟ್ಟಲೆ ಆಡಿ ಯಾವತ್ತೂ ಏಳನೆಯವನೋ ಎಂಟನೆಯವನೋ ಆಗಿಯೇ ಇದ್ದವನು. ಈ ಸಲ ಹೇಗೋ ಹತ್ತಿ ನಾಲ್ಕನೇ ಜಾಗದಲ್ಲಿ ನಿಂತಿದ್ದ, ಸಾವಿರದ ಏಳುನೂರ ಹನ್ನೆರಡು. ಅವನ ಹಿಮ್ಮಡಿಗೇ ಔಷಧಿ ಅಂಗಡಿಯವರು, ಎಂಟೇ ಅಂಕ ಕಡಿಮೆ.

ನಾಲ್ಕನೇ ಜಾಗ ಸಿಕ್ಕಿದ ದಿನದಿಂದ ಟೇಪು ಆಡುವುದನ್ನೇ ಬಿಟ್ಟ. ಆಡದಿದ್ದರೆ ಅಂಕ ಇಳಿಯುವುದಿಲ್ಲವಲ್ಲ! ಹಾಗಂತ ಮನೆಗೂ ಹೋಗುವುದಿಲ್ಲ. ಮೆಟ್ಟಿಲು ಹತ್ತಿ ಬರುತ್ತಾನೆ, ಬೋರ್ಡು ನೋಡುತ್ತಾನೆ, ಒಬ್ಬೊಬ್ಬರ ಬೆನ್ನ ಹಿಂದೆ ನಿಂತು ಇಣುಕುತ್ತಾನೆ, ಕಿಟಕಿ ತೆಗೆಯುತ್ತಾನೆ, ಮುಚ್ಚುತ್ತಾನೆ.

"ಬಾರಯ್ಯ, ಒಂದು ಆಟ ಹಾಕೋಣ" ಅಂದರೆ "ಕಣ್ಣು ಉರೀತಿದೆ" ಅನ್ನುತ್ತಾನೆ. ಮರುದಿನ ಬೆರಳಿಗೆ ಸೂಜಿ ಚುಚ್ಚಿದೆ. ಅದರ ಮರುದಿನ ಸೊಂಟ.

"ಎಲ್ಲ ನೋವಿಗೂ ನನ್ನ ಹತ್ರ ಮಾತ್ರೆ ಇದೆ," ಅಂದರು ಔಷಧಿ ಅಂಗಡಿಯವರು. "ಅಂಕದ ನೋವಿಗೆ ಮಾತ್ರ ಕಂಪನಿಯವರು ಇನ್ನೂ ಕಳಿಸಿಲ್ಲ."

"ನಿಮಗೆ ನಗು. ಎಂಟು ಅಂಕ ಹಿಂದೆ ಇರೋರಿಗೆ ನಗೋದು ಸುಲಭ."

ಆದರೆ ಕ್ಲಬ್ಬಿನವರೂ ಏನು ಕಿವಿ ಮೇಲೆ ಹೂವು ಇಟ್ಟುಕೊಂಡು ಕೂತಿರಲಿಲ್ಲ. ಕೊನೆಯ ವಾರದಲ್ಲಿ ಒಂದಾದರೂ ಆಟ ಆಡದವನ ಹೆಸರು ಲೆಕ್ಕಕ್ಕಿಲ್ಲ ಅಂತ ನಿಯಮವಿತ್ತು. ಔಷಧಿ ಅಂಗಡಿಯವರು ಆಡಿ ಮುಗಿಸಿದ್ದರು. ಟೇಪು ಭಾನುವಾರ ಮಧ್ಯಾಹ್ನದವರೆಗೂ ತಳ್ಳಿಕೊಂಡು ಬಂದ. ಆಮೇಲೆ ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗೆ ಬೋರ್ಡಿನ ಬುಡದಿಂದ ಮೇಲಕ್ಕೆ ಓದತೊಡಗಿದ. ಅತಿ ಚಿಕ್ಕ ಅಂಕ ಯಾರದು? ಸಿಕ್ಕಿತು. ಅವನ ಸ್ವಂತ ಅತ್ತಿಗೆ.

ಅತ್ತಿಗೆ ಅವನ ಅಂಗಡಿಯಲ್ಲೇ ಕಾಜಾ ಹಾಕುವವರು. ಅಂಗಿಯ ಗುಂಡಿ ತೂರುವ ಕಂಡಿಗೆ ದಾರ ಸುತ್ತಿ ಸುತ್ತಿ ಕಣ್ಣು ಚುರುಕಾದವರು. ಹಿಂದಿನ ದಿನವಷ್ಟೇ ಕ್ಲಬ್ಬಿಗೆ ಸೇರಿದ್ದರು. ಒಂದೂ ಆಟ ಆಡಿರಲಿಲ್ಲ.

ನಾನು ಅವನನ್ನು ಮೂಲೆಗೆ ಎಳೆದೆ. "ಲೋ, ಮನೇಲಿ ಅವರ ಕೈಲಿ ಸೋತು ಸೋತು ಬಂದು ನನ್ನ ಹತ್ರ ಗೋಳಾಡ್ತಿದ್ದೆಯಲ್ಲೋ?"

"ಮನೇಲಿ ಆಡೋದೂ ಒಂದು ಆಟವಾ? ಕುಕ್ಕರ್ ಕೂಗ್ತಿರುತ್ತೆ, ಗಮನ ಇರಲ್ಲ. ಬೋರ್ಡ್ ನೋಡು ನೀನು. ಸಾವಿರದ ಇನ್ನೂರು!"

ಆ ಸಾವಿರದ ಇನ್ನೂರು ಬರೆದವನೇ ನಾನು. ಅದರ ಹಿಂದೆ ಏನೂ ಇಲ್ಲ ಅಂತ ನನಗೆ ಗೊತ್ತು. ಆದರೆ ಕಣ್ಣಾರೆ ಕಂಡದ್ದಕ್ಕಿಂತ ಸೀಮೆಸುಣ್ಣವನ್ನು ನಂಬುವವನಿಗೆ ಏನು ಹೇಳುವುದು?

ಟೇಪು ಎಲೆ ಹಂಚಿದ, ಅತ್ತಿಗೆ ಮೊದಲು ಎತ್ತಿದರು. ತಿರುಗಿಸಿಟ್ಟಿದ್ದ ಎಲೆ ಕಳಾವರ್ ರಾಣಿ. ಥಟ್ಟನೆ ಅದನ್ನೇ ತೆಗೆದುಕೊಂಡರು. ಟೇಪು ಆಸೆಗಣ್ಣಿನಿಂದ ಅದನ್ನೇ ನೋಡಿದ. ಆಟ ಓಡಿತು. ಟೇಪು ಆಟಿನ್ ರಾಣಿ, ಡೈಮನ್ ರಾಣಿ ಎರಡನ್ನೂ ಕೈಯಲ್ಲಿ ಬಿಗಿಹಿಡಿದು ಮೂರನೆಯದಕ್ಕೆ ಬಾಯಿ ಬಿಡುತ್ತಿದ್ದ. ಹಣೆಯಿಂದ ಬೆವರು ಇಳಿದು ಟೇಪಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅತ್ತಿಗೆ ಒಮ್ಮೆ ಅವನ ಮುಖ ನೋಡಿದರು. ಆಮೇಲೆ ಒಂದು ಎಲೆ ಕೆಳಗಿಟ್ಟರು. ಅದೇ ಕಳಾವರ್ ರಾಣಿ.

"ಆಯ್ತು!" ಟೇಪು ಕುರ್ಚಿಯಿಂದ ಅರ್ಧ ಎದ್ದೇ ಎಲೆ ಹರಡಿದ.

ಸೋತವರೂ ಎಲೆ ಬಿಡಿಸಿಡುವುದು ನಮ್ಮಲ್ಲಿ ಪದ್ಧತಿ. ಅತ್ತಿಗೆ ಮಾತ್ರ ತಮ್ಮ ಎಲೆಗಳನ್ನು ಗಡಿಬಿಡಿಯಲ್ಲಿ ಕಟ್ಟಿಗೆ ಸೇರಿಸಲು ಹೋದರು. ಟೇಪು ಕೈ ಅಡ್ಡ ಇಟ್ಟ.

"ತಡೀರಿ ಅತ್ತಿಗೆ. ತೋರಿಸಿ."

"ಗೆದ್ದೆಯಲ್ಲ, ಇನ್ನೇನು ನಿಂದು?"

"ತೋರಿಸಿ ಅಂದ್ನಲ್ಲ."

ಬಿಡಿಸಿಟ್ಟರು. ಕಳಾವರ್ ರಾಜ ಇದ್ದ, ಗುಲಾಮ ಇದ್ದ. ನಡುವೆ ರಾಣಿ ಇದ್ದ ಜಾಗ ಖಾಲಿ. ಕೂಡಿದ್ದ ಸಾಲನ್ನು ಬೇಕಂತಲೇ ಕಿತ್ತು ಎಸೆದಿದ್ದರು. ಔಷಧಿ ಅಂಗಡಿಯವರು ಸೀಲಿಂಗ್ ಫ್ಯಾನು ಎಣ್ಣೆ ಕೇಳುತ್ತಿದೆಯೇನೋ ಅನ್ನುವ ಹಾಗೆ ಮೇಲೆ ನೋಡುತ್ತಿದ್ದರು.

"ಬರೀಬೇಡ," ಅಂದ ಟೇಪು ನನಗೆ.

"ಮುಗಿದ ಆಟ ಬರೀಲೇಬೇಕು. ಎರಡು ಅಂಕ ಬಂತು ನಿಂಗೆ. ನಾಲ್ಕನೇ ಜಾಗ ಗಟ್ಟಿ. ಮನೆಗೆ ಹೋಗಿ ಮಲಕ್ಕೋ."

ಅವನು ಕಿಟಕಿಯವರೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ಅತ್ತಿಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

"ಇನ್ನೊಂದು ಆಟ ಕೂತ್ಕೊಳ್ಳಿ ಅತ್ತಿಗೆ. ಸರಿಯಾಗಿ ಆಡಿ."

"ಸರಿಯಾಗಿ ಆಡಿದ್ರೆ ಸೋಲ್ತೀಯ ಕಣೋ. ತಿಂಗಳಿಂದ ಅನ್ನ ಸರಿಯಾಗಿ ತಿಂದಿಲ್ಲ ನೀನು. ನಿಮ್ಮಣ್ಣನ ಪ್ಯಾಂಟಿಗೆ ಎರಡೂ ಕಡೆ ಎಡಗಾಲು ಹೊಲಿದಿದ್ದೀಯ. ಹೋಗಿ ಬಾ ಪಂದ್ಯಕ್ಕೆ, ನಮಗೂ ನೆಮ್ಮದಿ."

"ಕೂತ್ಕೊಳ್ಳಿ."

ಕೂತರು. ಈ ಸಲ ಮುಖ ನೋಡಲಿಲ್ಲ, ಎಲೆ ಮಾತ್ರ ನೋಡಿದರು. ಟೇಪು ಚೆನ್ನಾಗಿಯೇ ಆಡಿದ. ಅಷ್ಟು ಚೆನ್ನಾಗಿ ಅವನು ಆಡಿದ್ದನ್ನು ನಾನು ನೋಡಿಲ್ಲ. ಕೊನೆಗೆ ಇಬ್ಬರಿಗೂ ಒಂದೊಂದೇ ಎಲೆ ಬೇಕಿತ್ತು. ಅತ್ತಿಗೆಗೆ ಮೊದಲು ಬಂತು. ಫೋನು ಮೂವತ್ತು ಕಿತ್ತುಕೊಂಡಿತು. ನಾನು ಅವನ ಹೆಸರು ಒರೆಸಿ ಒಂದು ಸಾಲು ಕೆಳಗೆ ಬರೆದೆ, ಔಷಧಿ ಅಂಗಡಿಯವರನ್ನು ಮೇಲೆ ಬರೆದೆ. ಅತ್ತಿಗೆಯ ಅಂಕ ಮಾತ್ರ ಏಣಿ ಹಾಕಿದ ಹಾಗೆ ಏರಿತು, ಹೊಸಬರದ್ದು ಹಾಗೇ.

"ಮೊದಲನೇದು ಇಟ್ಕೊಂಡು ಸುಮ್ಮನಿದ್ದಿದ್ರೆ ಹೋಗ್ತಿದ್ದೆಯಲ್ಲೋ," ಅಂದರು ಅತ್ತಿಗೆ. ಅವರ ದನಿಯೇ ಸಣ್ಣಗಾಗಿತ್ತು.

"ಹೋಗಿ ಏನು ಮಾಡ್ಲಿ? ಅಲ್ಲಿ ರಾಣಿ ಎಸೆಯೋಕೆ ನೀವಿರ್ತೀರಾ?"

ಔಷಧಿ ಅಂಗಡಿಯವರಿಗೆ ಪಾಪ ಅನಿಸಿತೋ ಏನೋ, ಬಂದು ಅವನ ಹೆಗಲು ತಟ್ಟಿದರು. ಟೇಪು ಅವರ ಕೈಯನ್ನೇ ಹಿಡಿದುಕೊಂಡು ಅತ್ತಿಗೆಯ ಎದುರಿನ ಕುರ್ಚಿ ತೋರಿಸಿದ. "ಬನ್ನಿ ಸಾರ್, ಬಾಗಿಲು ಹಾಕೋಕೆ ಇನ್ನೂ ಹೊತ್ತಿದೆ. ನೀವೂ ಒಂದು ಆಟ ಹಾಕಿ."

"ಅಯ್ಯೋ, ಅಂಗಡೀಲಿ ಯಾರೂ ಇಲ್ಲಪ್ಪ," ಅಂದವರೇ ಮೆಟ್ಟಿಲು ಇಳಿದರು. ಭಾನುವಾರ ಅವರ ಅಂಗಡಿ ತೆಗೆಯುವುದೇ ಇಲ್ಲ.

ಟೇಪು ತಾನೇ ಆ ಕುರ್ಚಿಯಲ್ಲಿ ಕೂತು ಎಲೆ ಕಲೆಸತೊಡಗಿದ.